ನಲವತ್ತೇಳನೇ ನಂಬರಿನ ಹಸಿರು ಕಾರು

ಕಾರಿಗೆ ಬಣ್ಣ ಹೊಡೆಯುವವರಲ್ಲಿ ಎರಡು ಬಗೆ. ಹೇಳಿದ ದಿನಕ್ಕೆ ಕಾರು ಕೊಡುವವರು ಒಂದು ಬಗೆ, ಕೆಲಸ ಬಲ್ಲವರು ಇನ್ನೊಂದು ಬಗೆ. ನಾಳೆಪ್ಪ ಎರಡನೆಯ ಬಗೆಯವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ನಲವತ್ತು ವರ್ಷ ಬಂದ ಗಿರಾಕಿಗೆಲ್ಲ "ನಾಳೆ ಕೊಡ್ತೀನಪ್ಪ" ಎಂದು ಎಂದು, ಆ ಹೆಸರು ಈಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲ. ಅವನಿಗೆ ಕೆಲಸ ಕಲಿಸಿದ ಗುರು ಇವನಿಗಿಂತಲೂ ಘಾಟಿ. ಆತ ಶಿಷ್ಯನಿಗೆ ಎರಡೇ ಪಾಠ ಹೇಳಿಕೊಟ್ಟಿದ್ದ. ಒಂದು, ಹೇಳಿದ ದಿನಕ್ಕೆ ಕೊಟ್ಟರೆ ಗಿರಾಕಿ ಮರ್ಯಾದೆ ಕೊಡುವುದಿಲ್ಲ. ಇನ್ನೊಂದು, ಬಣ್ಣಕ್ಕೆ ಮೊದಲು ತಗಡಿಗೆ ಬಳಿಯುವ ಪ್ರೈಮರ್ ಎನ್ನುವುದು ಬಣ್ಣವಲ್ಲ. ಅದು ಕಾರಿನ ಒಳಂಗಿ, ಒಳಂಗಿಯ ಬಣ್ಣ ಯಾವುದೆಂದು ಯಾರೂ ಕೇಳುವುದಿಲ್ಲ. ಈ ಎರಡನೇ ಪಾಠವೇ ಮುಂದೆ ನಾಳೆಪ್ಪನಿಗೆ ಮುಳುವಾಯಿತು. ಅದನ್ನು ಹೇಳುವ ಮೊದಲು ಅವನ ಅಕ್ಕನ ವಿಷಯ ಹೇಳಬೇಕು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಊರಿನ ಬಾಯಲ್ಲಿ ಅವಳು ಕ್ಲಚ್ಚಕ್ಕ. ಮೂವತ್ತು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಎಪ್ಪತ್ತಾದರೂ ಬೆಳಿಗ್ಗೆ ಆರಕ್ಕೆ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ಚು, ಕ್ಲಚ್ಚು, ಅಯ್ಯೋ ನಿಧಾನ ಕಣಪ್ಪಾ, ಅದೇನು ಹಾವು ತುಳಿದಂಗೆ ತುಳೀತೀಯಾ?" ಎಂದು ಕೂಗುವುದು ಮೂರು ಬೀದಿಗೆ ಕೇಳುತ್ತದೆ. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಸಿದವಳು ಅವಳೇ. ಅವಳ ಯಾವ ಮಾತಿಗೂ ಊರಿನಲ್ಲಿ ಎದುರಿಲ್ಲ, ಒಂದು ಮಾತಿನ ಹೊರತು.

ಆ ಒಂದು ಮಾತು ಅವಳ ರ‍್ಯಾಲಿಯದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವಳು ಒಂದು ಗ್ಯಾರೇಜಿನಲ್ಲಿ ಬಿಡಿಭಾಗ ಮಾರುವ ಕೌಂಟರಿನಲ್ಲಿದ್ದಳು. ಸಾಮಾನು ಸಾಗಿಸುವ ವ್ಯಾನನ್ನೂ ಓಡಿಸುತ್ತಿದ್ದಳು. ಗ್ಯಾರೇಜಿನ ಯಜಮಾನ ಪ್ರಚಾರಕ್ಕೆಂದು ಒಂದು ಕಾರನ್ನು ಬಿಚ್ಚಿ ಕಟ್ಟಿ ರ‍್ಯಾಲಿಗೆ ಸೇರಿಸಿದ. ಓಡಿಸಬೇಕಾಗಿದ್ದ ಅವನ ಮಗ ಹಿಂದಿನ ವಾರ ಏಣಿಯಿಂದ ಬಿದ್ದು ಕೈ ಮುರಿದುಕೊಂಡ. ಕೊನೆಗೆ ಯಜಮಾನ ಕೌಂಟರಿಗೆ ಬಂದು, "ಏನಮ್ಮಾ, ವ್ಯಾನ್ ಓಡಿಸ್ದಂಗೇ ಇದೂನೂ ಓಡಿಸ್ತೀಯಾ?" ಎಂದು ಕೇಳಿದ. ಅವಳು ಬಿಲ್ಲು ಬರೆಯುತ್ತಿದ್ದ ಪೆನ್ನನ್ನು ಅಲ್ಲೇ ಇಟ್ಟು ಎದ್ದಳು.

ಎರಡು ದಿನ, ಆರುನೂರು ಕಿಲೋಮೀಟರು ಬೆಟ್ಟದ ದಾರಿ. ಪಕ್ಕದಲ್ಲಿ ದಾರಿ ಹೇಳಲು ಕೂತ ಬ್ಯಾಟರಿ ಅಂಗಡಿಯವನು ದಾರಿಯುದ್ದಕ್ಕೂ ವಾಂತಿ ಮಾಡಿದನೇ ಹೊರತು ದಾರಿ ಹೇಳಲಿಲ್ಲ. ಹೊರಟ ಕಾರು ಐವತ್ತೆರಡು, ಮುಟ್ಟಿದ್ದು ಹತ್ತೊಂಬತ್ತು, ಅದರಲ್ಲಿ ತನ್ನದೂ ಒಂದು ಎಂದು ಅಕ್ಕ ಹೇಳುತ್ತಾಳೆ. ಆದರೆ ರ‍್ಯಾಲಿ ಕೂಟದ ಪುಸ್ತಕದಲ್ಲಿ ನಲವತ್ತೇಳನೇ ನಂಬರಿನ ಮುಂದೆ 'ಕೆಂಪು ಕಾರು, ಬಂದಿಲ್ಲ' ಎಂದಿದೆ.

"ನನ್ನ ಕಾರು ಹಸಿರು ಕಣ್ರೋ!" ಎಂದು ಅಕ್ಕ ಆವತ್ತಿನಿಂದ ಹೇಳುತ್ತಲೇ ಇದ್ದಾಳೆ. "ಯಜಮಾನ್ರು ಅರ್ಜೀಲಿ ಕೆಂಪು ಅಂತ ಬರೆದಿದ್ರು. ಮೇಜಿನ ಹತ್ರ ಕೂತಿದ್ದೋನು, ಕೆಂಪು ಕಾರು ಬಂದ್ರೆ ಬರ್ಕೋತೀನಿ, ಇದು ಯಾವುದೋ ಹಸಿರು, ಅಂದ. ನಾನು ಜಗಳಕ್ಕೆ ನಿಂತೆ. ಊಟದ ಹೊತ್ತಾಯ್ತು ಅಂತ ಪುಸ್ತಕ ಮುಚ್ಕೊಂಡು ಎದ್ದೇಬಿಟ್ಟ!"

ಮನೆಯವರಿಗೆ ಇದು ನಗುವ ಕಥೆಯಾಯಿತು. ಯಾರಾದರೂ ಬುರುಡೆ ಬಿಟ್ಟರೆ "ಓ, ಇದು ಅಕ್ಕನ ಹಸಿರು ಕಾರು" ಎನ್ನುವುದು ರೂಢಿಯಾಯಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾಳೆಪ್ಪನೇ. ಯಾಕೆಂದರೆ ರ‍್ಯಾಲಿ ಮುಗಿದ ಮರುವಾರ, ಹದಿನೈದರ ಹುಡುಗನಾಗಿದ್ದ ಅವನು ಗ್ಯಾರೇಜಿಗೆ ಓಡಿಹೋಗಿ ಆ ಕಾರನ್ನು ಕಣ್ಣಾರೆ ನೋಡಿದ್ದ. ಕೆಂಪು ಕಾರು. ಎಂಥ ಕೆಂಪು! ಅದನ್ನು ನೋಡಿದ ಮೇಲೆಯೇ ಅವನು ಪುಸ್ತಕ ಮೂಲೆಗೆಸೆದು ಆ ಬಣ್ಣ ಹೊಡೆದವನ ಹತ್ತಿರ ಶಿಷ್ಯನಾಗಿ ಸೇರಿದ್ದು. "ಆಮೇಲೆ ಕೆಂಪು ಬಳಿದ್ರು ಕಣೋ" ಎಂದು ಅಕ್ಕ ಹೇಳಿದರೆ, "ಹೂಂ, ಬಳಿದ್ರು ಬಳಿದ್ರು" ಎಂದು ನಗುತ್ತಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವನಿಗೆ ಬರುತ್ತಿತ್ತು, ಆದರೆ ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡಿದ್ದ.

ಹೀಗಿರುವಾಗ ಒಂದು ದಿನ ಹಲ್ಲಿನ ಡಾಕ್ಟರೊಬ್ಬರು ಲಾರಿಯ ಮೇಲೆ ಒಂದು ಹಳೇ ಕಾರನ್ನು ಹೇರಿಸಿಕೊಂಡು ನಾಳೆಪ್ಪನ ಶೆಡ್ಡಿಗೆ ಬಂದರು. ಅವರಿಗೆ ಹಳೇ ಕಾರುಗಳ ಹುಚ್ಚು.

"ಮೇಸ್ತ್ರಿ, ಇದು ಯಾವುದೋ ಕಾಲದಲ್ಲಿ ರ‍್ಯಾಲಿ ಓಡಿದ ಕಾರಂತೆ. ಯಾವ ರ‍್ಯಾಲಿ, ಯಾರು ಓಡಿಸಿದ್ರು, ಒಂದೂ ಗೊತ್ತಿಲ್ಲ. ಎರಡು ತಿಂಗಳಿಗೆ ನಮ್ಮ ಹಳೇ ಕಾರುಗಳ ಕೂಟದ ಮೆರವಣಿಗೆ ಇದೆ. ಅಷ್ಟರಲ್ಲಿ ಇದರ ಚರಿತ್ರೆ ಹುಡುಕಿ ಹಲಗೆ ಮೇಲೆ ಬರೆಸಿ ಕಾರಿನ ಮುಂದೆ ಇಡಬೇಕು."

"ಅದಕ್ಕೇನು ಡಾಕ್ಟ್ರೇ, ಕಾರೇ ಹೇಳುತ್ತೆ" ಎಂದ ನಾಳೆಪ್ಪ.

ಅವನು ಬಾನೆಟ್ಟಿನ ಮೇಲೆ ಅಂಗೈಯಗಲದ ಜಾಗ ಆರಿಸಿ, ನೀರು ಹಾಕಿ ಹಾಕಿ ಉಜ್ಜುಕಾಗದದಿಂದ ತಿಕ್ಕಿದ. ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಈರುಳ್ಳಿ ಕೊಯ್ದ ಹಾಗೆ ಒಂದರೊಳಗೊಂದು ಬಳೆಗಳು ಎದ್ದವು. ಹೊರಗಿನದು ಬಿಳಿ. ಅದು ಹೂವಿನಂಗಡಿಯವಳ ಕಾಲದ್ದು ಎಂದು ಡಾಕ್ಟರಿಗೆ ಕಾರು ಮಾರಿದವನೇ ಹೇಳಿದ್ದ. ಹೂವಿನಂಗಡಿಯವಳನ್ನು ಹೋಗಿ ಕೇಳಿದರೆ, "ನಾನು ತಗೊಂಡಾಗ ಹಳದಿ ಇತ್ತು, ಪೇಪರ್ ಏಜೆಂಟ್ ಹತ್ರ ತಗೊಂಡೆ" ಎಂದಳು. ಒಳಗಿನ ಬಳೆ ಹಳದಿಯೇ ಇತ್ತು. ಪೇಪರ್ ಏಜೆಂಟಿಗೆ ಕಿವಿ ಮಂದ. ಮೂರು ಸಲ ಕೂಗಿ ಕೇಳಿದ ಮೇಲೆ, "ಕೆಂಪು! ಕೆಂಪಿತ್ತು! ಆ ದೊಡ್ಡ ಗ್ಯಾರೇಜಿನೋರು ಮಾರಿದ್ದು!" ಎಂದು ಅವನೂ ಕೂಗಿದ.

ನಾಳೆಪ್ಪ ಶೆಡ್ಡಿಗೆ ಬಂದು ಇನ್ನೊಂದು ಬಳೆ ತಿಕ್ಕಿದ. ಕೆಂಪು ಕಂಡಿತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಅವನು ಆ ಕೆಂಪನ್ನು ಗುರುತಿಸುತ್ತಿದ್ದ. ಅದರ ಕೆಳಗೆ ಪ್ರೈಮರ್, ಪ್ರೈಮರಿನ ಕೆಳಗೆ ತಗಡು. ಅಲ್ಲಿಗೆ ಕಾರಿನ ಚರಿತ್ರೆ ಮುಗಿಯಿತು ಎಂದುಕೊಂಡು ಅಕ್ಕನ ಮನೆಗೆ ಓಡಿದ.

"ಅಕ್ಕಾ, ನಿನ್ನ ಕಾರು ಸಿಕ್ತು!"

ಕ್ಲಚ್ಚಕ್ಕ ಕೈಯಲ್ಲಿದ್ದ ಪಾತ್ರೆಯನ್ನು ತೊಳೆಯುವ ತೊಟ್ಟಿಯೊಳಗೆ ಬಿಟ್ಟಳು. ಮುಖದಲ್ಲಿ ಇಪ್ಪತ್ತನಾಲ್ಕರ ಬೆಳಕು ಬಂತು. "ಹಸಿರು ಕಾರು?"

"ಹಸಿರೆಲ್ಲಿ ಬಂತು? ಬಿಳಿ, ಹಳದಿ, ಕೆಂಪು. ಅದರ ಕೆಳಗೆ ಇನ್ನೊಂದು ಬಣ್ಣ ಇಲ್ಲ. ಡಾಕ್ಟ್ರು ಹಲಗೆ ಬರೆಸೋಕೆ ಹೇಳಿದಾರೆ. ನಲವತ್ತೇಳು, ಕೆಂಪು, ಗುರಿ ಮುಟ್ಟಲಿಲ್ಲ, ಓಡಿಸಿದವರು ಅಂತ ನಿನ್ನ ಹೆಸರು. ಮೆರವಣಿಗೆಗೆ ನೀನೂ ಬರಬೇಕು."

ಅಕ್ಕ ತೊಟ್ಟಿಯಿಂದ ಪಾತ್ರೆ ಎತ್ತಿ ಮತ್ತೆ ತೊಳೆಯತೊಡಗಿದಳು.

"ಗುರಿ ಮುಟ್ಟಲಿಲ್ಲ ಅಂತ ಹಲಗೆ ಬರೆಸಿ, ಅದರ ಪಕ್ಕ ನನ್ನ ನಿಲ್ಲಿಸ್ತೀಯಾ? ನಾನು ಕಲಿಸಿದೋರೆಲ್ಲ ಓದ್ಕೊಂಡು ಹೋಗ್ಲಿ ಅಂತಾನಾ?" ಎಂದಳು. "ನಾನು ಬರಲ್ಲ. ಆ ಹಲಗೇಲಿ ನನ್ನ ಹೆಸರೂ ಬೇಡ. ಹೋಗೋ, ನಿನ್ನ ಕೆಂಪು ಕಾರು ನೀನೇ ಮೆರೆಸು."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗೊಣಗುತ್ತ ನಾಳೆಪ್ಪ ಎದ್ದ. ಆದರೆ ದಾರಿಯಲ್ಲಿ ಅವನಿಗೆ ನಗು ಬರಲಿಲ್ಲ. ನಲವತ್ತಾರು ವರ್ಷದಲ್ಲಿ ಮೊದಲ ಸಲ ಅಕ್ಕನ ಕಣ್ಣು ತುಂಬಿದ್ದನ್ನು ಅವನು ನೋಡಿದ್ದ.

ಡಾಕ್ಟರು ಕಾರಿಗೆ ಮತ್ತೆ ಅದೇ ಕೆಂಪು ಬೇಕೆಂದಿದ್ದರು. ನಾಳೆಪ್ಪ ತಗಡು ಕಾಣುವವರೆಗೂ ತಿಕ್ಕತೊಡಗಿದ. ಬಾನೆಟ್ಟು ಮುಗಿಯಿತು, ಮೇಲ್ಛಾವಣಿ, ಹಿಂಭಾಗ, ಬಲಗಡೆಯ ಬಾಗಿಲು, ಎಲ್ಲ ಮುಗಿದವು. ಹದಿನೈದನೇ ದಿನ ಎಡಗಡೆಯ ಬಾಗಿಲೊಂದೇ ಉಳಿದಿತ್ತು. ಅವನು ಬಕೆಟ್ಟಿನಲ್ಲಿ ಕಾಗದ ಅದ್ದುತ್ತಿರುವಾಗ ಹೆಂಡತಿ ಟೀ ತಂದಳು.

"ಅಲ್ಲಾ ರೀ, ನೆಲ ಎಲ್ಲ ಯಾಕೆ ಹೀಗೆ ಹಸಿರಾಗಿದೆ? ಪಾಚಿ ಕಟ್ಟಿದ ಹಾಗಿದೆ."

"ಪ್ರೈಮರ್ ಕಣೇ ಅದು. ಆ ಕಾಲದಲ್ಲಿ ಹಸಿರು ಪ್ರೈಮರ್ ಬರ್ತಿತ್ತು. ಅದು ಬಣ್ಣ ಅಲ್ಲ..."

ಟೀ ಲೋಟ ಕೈಯಲ್ಲೇ ಉಳಿಯಿತು. ನಾಳೆಪ್ಪ ಬಕೆಟ್ಟಿನೊಳಗೆ ನೋಡಿದ. ನೀರು ಹಸಿರು. ಚರಂಡಿಗೆ ಹರಿದದ್ದು ಹಸಿರು. ತನ್ನ ಉಗುರಿನ ಸಂದಿ, ಚಡ್ಡಿ, ಹದಿನೈದು ದಿನದಿಂದ ಕೈ ಒರೆಸುತ್ತಿದ್ದ ಟವೆಲು, ಎಲ್ಲ ಹಸಿರು. ಇಡೀ ಊರಿನಲ್ಲಿ ಆ ಹಸಿರು ಕಾಣದವನು ಅವನೊಬ್ಬನೇ, ಯಾಕೆಂದರೆ ಇಡೀ ಊರಿನಲ್ಲಿ ಬಣ್ಣ ಬಲ್ಲವನು ಅವನೊಬ್ಬನೇ.

"ಅತ್ತಿಗೆ ಹೇಳ್ತಿದ್ದ ಹಸಿರು..." ಎಂದಳು ಹೆಂಡತಿ ಮೆಲ್ಲಗೆ.

ಅವನಿಗೆ ಎಲ್ಲವೂ ಒಂದೇ ಏಟಿಗೆ ಹೊಳೆಯಿತು. ರ‍್ಯಾಲಿಗೆ ಮುಂಚೆ ಕಾರಿಗೆ ಬಣ್ಣ ಹೊಡೆಯಬೇಕಾಗಿದ್ದವನು ಅವನ ಗುರುವೇ! ಆ ಮಹಾನುಭಾವ "ನಾಳೆ, ನಾಳೆ" ಎಂದೇ ರ‍್ಯಾಲಿಯ ದಿನ ಬಂದುಬಿಟ್ಟಿರಬೇಕು. ಅಕ್ಕ ಪ್ರೈಮರಿನಲ್ಲೇ ಓಡಿಸಿದ್ದಾಳೆ. ಕೆಂಪು ಹಚ್ಚಿದ್ದು ಆಮೇಲೆ. ಅವಳು ಆವತ್ತಿನಿಂದ ಹೇಳುತ್ತಿದ್ದುದೂ ಅದನ್ನೇ ಅಲ್ಲವೇ?

ಅವನು ಬಲಗಡೆಯ ಬಾಗಿಲಿನ ಕಡೆ ನೋಡಿದ. ತಗಡು ಫಳಫಳ ಹೊಳೆಯುತ್ತಿತ್ತು. ರ‍್ಯಾಲಿ ಕಾರಿಗೆ ನಂಬರು ಬರೆಯುವುದು ಎರಡೂ ಬಾಗಿಲಿನ ಮೇಲೆ. ಒಂದನ್ನು ಅವನೇ ತನ್ನ ಕೈಯಾರೆ ತಿಕ್ಕಿ ತೊಳೆದು ಚರಂಡಿಗೆ ಬಿಟ್ಟಿದ್ದ. ಇನ್ನೊಂದು ಬಾಗಿಲಿನ ಕೆಂಪಿನಡಿ ಏನಾದರೂ ಇದ್ದರೆ ಇದೆ, ಇಲ್ಲದಿದ್ದರೆ ಅಕ್ಕನ ಮಾತಿಗೆ ಲೋಕದಲ್ಲಿ ಇನ್ನು ಸಾಕ್ಷಿಯೇ ಇಲ್ಲ.

ಟೀ ಬಿಟ್ಟು ಮತ್ತೆ ಅಕ್ಕನ ಮನೆಗೆ ಹೋದ. "ಅಕ್ಕಾ, ಬೈಬೇಡ. ಒಂದೇ ಒಂದು ಕೇಳ್ತೀನಿ. ಬಾಗಿಲ ಮೇಲೆ ನಂಬರ್ ಬರೆದೋರು ಯಾರು?"

"ಇನ್ಯಾರು, ನಾನೇ. ನಿನ್ನ ಗುರು ಬಂದಿದ್ರೆ ತಾನೆ!"

"ಹೇಗೆ ಬರೆದಿದ್ದೆ, ಇದರಲ್ಲಿ ಬರಿ" ಎಂದು ಚೀಟಿ ಕೊಟ್ಟ.

ಅಕ್ಕ ಅನುಮಾನದಿಂದ ನೋಡಿ, ಆಮೇಲೆ ನಾಚಿಕೊಂಡು ಬರೆದಳು. ದೊಡ್ಡದೊಂದು ನಾಲ್ಕು. ಪಕ್ಕದಲ್ಲಿ ಜಾಗವಿಲ್ಲದೆ, ಬಾಗಿಲಿನ ಹಿಡಿಯ ಕೆಳಗೆ ನುಸುಳಿ ಬಾಲ ಮಡಚಿಕೊಂಡ ಏಳು. "ನಾಲ್ಕು ದೊಡ್ಡದಾಗೋಯ್ತು. ಏಳಕ್ಕೆ ಜಾಗಾನೇ ಉಳೀಲಿಲ್ಲ. ಬಾಟಲಿ ತೊಳೆಯೋ ಬ್ರಷ್ಷಲ್ಲಿ ಬರೆದಿದ್ದು, ಇನ್ನೇನಾಗುತ್ತೆ? ಇದನ್ನ ಮಾತ್ರ ನಿಮಗ್ಯಾರಿಗೂ ಹೇಳಿಲ್ಲ, ಅದಕ್ಕೂ ನಗ್ತೀರಿ ಅಂತ."

ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾಳೆಪ್ಪ ಎಡಬಾಗಿಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಯಂತ್ರ ಮುಟ್ಟಲಿಲ್ಲ. ಅತಿ ನಯದ ಕಾಗದ, ಎರಡು ಬೆರಳು, ಬೊಗಸೆ ನೀರು. ಬಿಳಿ ಹೋಗಲು ಒಂದು ದಿನ ಹಿಡಿಯಿತು, ಹಳದಿ ಹೋಗಲು ಇನ್ನೊಂದು ದಿನ. ಜೀವಮಾನದಲ್ಲಿ ತಾನು ಅತಿ ಹೆಚ್ಚು ಪ್ರೀತಿಸಿದ ಆ ಕೆಂಪನ್ನು ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆದ. ಮೂರನೆಯ ದಿನ ಮಧ್ಯಾಹ್ನ ಹಸಿರಿನ ಮೇಲೆ ಬಿಳಿಯ ಗೀಟೊಂದು ಕಂಡಿತು. ಅದು ನಾಲ್ಕಾಯಿತು. ನಾಲ್ಕಿನ ಪಕ್ಕ ಹಿಡಿಯ ಕೆಳಗೆ, ಬಾಲ ಮಡಚಿಕೊಂಡು, ಏಳು!

ನಾಳೆಪ್ಪ ಚೀಟಿಯನ್ನು ಬಾಗಿಲಿಗೆ ಹಿಡಿದ. ಆಮೇಲೆ ಅರವತ್ತೊಂದು ವರ್ಷದ ಆ ಗಂಡಸು ಒದ್ದೆ ನೆಲದ ಮೇಲೆ ಕೂತು ಅತ್ತ. ಅಳುತ್ತಲೇ ನಕ್ಕ. ಹೆಂಡತಿ ಓಡಿಬಂದಳು, ಪಕ್ಕದ ಟೈರಿನವನು ಓಡಿಬಂದ. ಯಾರೋ ಹೋಗಿ ಕ್ಲಚ್ಚಕ್ಕನಿಗೆ ಹೇಳಿದರು. ಪಾಠ ಕಲಿಯುತ್ತಿದ್ದವನೇ ಅವಳನ್ನು ಕಾರಿನಲ್ಲಿ ಕರೆತಂದ. ಬರುವಾಗ ಎರಡು ಸಲ ಎಂಜಿನ್ ನಿಂತರೂ ಅವಳು ಬೈಯಲಿಲ್ಲವಂತೆ.

ಅವಳು ಬಾಗಿಲಿನ ಮುಂದೆ ನಿಂತು ಆ ಸೊಟ್ಟ ಏಳನ್ನು ಬೆರಳಿನಿಂದ ಸವರಿದಳು.

"ತಪ್ಪಾಯ್ತಕ್ಕಾ. ನಲವತ್ತಾರು ವರ್ಷ ನಿನ್ನ ನೋಡಿ ನಕ್ಕೆ" ಎಂದ ನಾಳೆಪ್ಪ.

"ನಕ್ರೆ ನಕ್ಕೆ ಬಿಡು" ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಆದ್ರೆ ಬಲಗಡೆ ಬಾಗಿಲಲ್ಲಿ ಏಳು ನೆಟ್ಟಗೆ ಬಂದಿತ್ತು ಕಣೋ ಮುಂಡೇದೇ. ಚೆನ್ನಾಗಿ ಬಂದಿದ್ದನ್ನೇ ಅಳಿಸಿದೀಯ."

ಡಾಕ್ಟರು ಬಂದು ನೋಡಿ ಕುಣಿದಾಡಿದರು. ಇನ್ನು ಕೆಂಪಿನ ಮಾತೇ ಇಲ್ಲ ಎಂದರು. ನಾಳೆಪ್ಪ ಎಡಬಾಗಿಲನ್ನು ಹಾಗೆಯೇ ಬಿಟ್ಟು, ಉಳಿದ ಕಾರಿಗೆಲ್ಲ ಅದೇ ಹಸಿರು ಪ್ರೈಮರನ್ನು ಬೆರೆಸಿ ಹೊಡೆದ. ಮೇಲೆ ಬಣ್ಣವಿಲ್ಲದ ಕಾರನ್ನು ಶೆಡ್ಡಿನಿಂದ ಹೊರಗೆ ಬಿಡುವುದೆಂದರೆ ಪೇಂಟರಿಗೆ ಮಾನ ಹೋದ ಹಾಗೆ. ಅವನು ಬಿಟ್ಟ. ಅಷ್ಟೇ ಅಲ್ಲ, ಹೇಳಿದ ದಿನಕ್ಕೆ ಒಂದು ದಿನ ಮೊದಲೇ ಬಿಟ್ಟ. ಊರಿನವರಿಗೆ ಸೊಟ್ಟ ಏಳಿಗಿಂತ ಇದೇ ದೊಡ್ಡ ಸುದ್ದಿಯಾಯಿತು.

ಮೆರವಣಿಗೆಯ ದಿನ ಕ್ಲಚ್ಚಕ್ಕ ಓಡಿಸಿದಳು, ನಾಳೆಪ್ಪ ಪಕ್ಕದಲ್ಲಿ ಕೂತ. ತಿರುವು ಬಂದಲ್ಲೆಲ್ಲ ಅವನು ಕಣ್ಣು ಮುಚ್ಚಿಕೊಂಡ. ರಸ್ತೆಯ ಎರಡೂ ಬದಿಗೆ ಅವಳ ಹತ್ತಿರ ಕಲಿತವರು ನಿಂತು "ಕ್ಲಚ್ಚು! ಕ್ಲಚ್ಚು!" ಎಂದು ಕೂಗಿದರು. ಕೊನೆಯ ಗೆರೆ ದಾಟಿದ ಮೇಲೆ ಅವಳು ಕಾರನ್ನು ನೇರ ಕೂಟದ ಮೇಜಿನ ಮುಂದೆಯೇ ತಂದು ನಿಲ್ಲಿಸಿದಳು. ಅಲ್ಲಿ ಡಾಕ್ಟರು ಕರೆಸಿದ್ದ ರ‍್ಯಾಲಿ ಕೂಟದ ಕನ್ನಡಕದ ಕಾರ್ಯದರ್ಶಿ ಆ ಹಳೇ ಪುಸ್ತಕವನ್ನು ಪ್ರದರ್ಶನಕ್ಕೆ ಇಟ್ಟುಕೊಂಡು ಕೂತಿದ್ದ.

"ಪುಸ್ತಕ ತೆಗೀರಿ" ಎಂದಳು ಅಕ್ಕ. "ನಲವತ್ತೇಳು ಬಂತು ಅಂತ ಬರ್ಕೊಳ್ಳಿ. ಊಟಕ್ಕೆ ಆಮೇಲೆ ಏಳೋರಂತೆ."

ಡಾಕ್ಟರು ಮೊದಲೇ ಎಲ್ಲ ಹೇಳಿಟ್ಟಿದ್ದರು. ಕಾರ್ಯದರ್ಶಿ ನಗುತ್ತ ಪುಟ ತೆರೆದು, ಎದ್ದು ನಿಂತೇ 'ಬಂದಿಲ್ಲ' ಎಂಬುದನ್ನು ಹೊಡೆದು 'ಬಂದಿದೆ' ಎಂದು ಬರೆದ. ಅವನ ಪೆನ್ನು ಪಕ್ಕದ ಬಣ್ಣದ ಕಾಲಮಿನ ಮೇಲೆ ನಿಂತಿತು.

"ಬಣ್ಣ ಏನಂತ ಬರೀಲಿ? ಇದು ಬರೀ ಪ್ರೈಮರ್ ಅಲ್ವಾ?"

ಅಕ್ಕ ತಮ್ಮನ ಕಡೆ ತಿರುಗಿದಳು. ನಾಳೆಪ್ಪ ಕಾರಿನಿಂದ ಇಳಿದು, ನಲವತ್ತು ವರ್ಷ ಬಣ್ಣ ಹೊಡೆದ ಕೈಯನ್ನು ಮೇಜಿನ ಮೇಲೆ ಊರಿದ.

"ಹಸಿರು" ಎಂದ. "ದೊಡ್ಡದಾಗಿ ಬರೀರಿ."