ಹೆಣ್ಣು ಹೊಳೆ ದಾಟುವ ಮೊದಲು

ಶ್ರೀರಂಗಪಟ್ಟಣದ ಒಂದು ಮದುವೆ ಛತ್ರದಲ್ಲಿ ನನ್ನ ಕೆಲಸ. ನಲ್ಲಿ ಸೋರಿದರೆ, ಬಾಗಿಲ ಚಿಲಕ ಕಿತ್ತುಬಂದರೆ, ನೀರಿನ ಮೋಟರು ಮುನಿಸಿಕೊಂಡರೆ ನನ್ನನ್ನೇ ಕೂಗುತ್ತಾರೆ. ಗುಡಿಸಿ ಒರೆಸುವುದಕ್ಕೆ ಒಬ್ಬ ಅಕ್ಕ ಇದ್ದಾಳೆ. ವಯಸ್ಸಿನಲ್ಲಿ ನನಗಿಂತ ಹಿರಿಯಳಾದರೂ ನನ್ನನ್ನು ಅಣ್ಣ ಎನ್ನುತ್ತಾಳೆ.

ಹೊರಟವರ ಬೆನ್ನಿಗೇ ಕಸ ಗುಡಿಸಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಹಾಗೆ ಗುಡಿಸುವುದು. ನಮ್ಮದೋ ಸುತ್ತಲೂ ಕಾವೇರಿ ಇರುವ ಊರು. ಮದುವೆಯಾಗಿ ಹೊರಟ ಹೆಣ್ಣು ಸೇತುವೆ ದಾಟಿರಬೇಕು ಅನ್ನಿಸುವ ತನಕ ಅಕ್ಕ ಪೊರಕೆ ಮುಟ್ಟುವವಳಲ್ಲ.

ಮೊನ್ನೆಯ ಲಗ್ನದಲ್ಲಿ ಪಾಂಡವಪುರದ ಕಡೆಯ ಹೆಣ್ಣು, ನಾಗಮಂಗಲದ ಗಂಡು. ಹೆಣ್ಣು ಕಳಿಸುವವರೆಲ್ಲ ಗೇಟಿನ ಹತ್ತಿರ ಅಳುತ್ತಾ ನಿಂತಿದ್ದರು. ಸಂಜೆ ಬೇರೆಯವರ ಆರತಕ್ಷತೆ. ಅವರ ಹೂವಿನ ಅಲಂಕಾರದವರು ಆಗಲೇ ಬಂದು ಅವಸರ ಮಾಡುತ್ತಿದ್ದರು.

"ಅಕ್ಕ, ಗುಡಿಸ್ಬುಡು."

"ಎಣ್ಣು ಒಳೆ ದಾಟ್ಲಿ ತಡಿಯಣ್ಣ. ನಿಮ್ ಮೋಟರಾ ಇದು, ಬಟನ್ ಒತ್ತಿದೇಟ್ಗೆ ಓಡಕ್ಕೆ?"

"ಮ್ಯಾನೇಜರ್ ತಾವ ಬೈಸ್ಕೊಳೋನು ನಾನು ಕಣಕ್ಕ!" ಎಂದು ಪೊರಕೆ ಕಿತ್ತುಕೊಂಡು ನಾನೇ ಗುಡಿಸಿದೆ. ಅಕ್ಷತೆ, ಹೂವಿನ ಎಸಳು ಎಲ್ಲ ಗುಡ್ಡೆಯಾಯಿತು. ಅಷ್ಟರಲ್ಲಿ ಹೆಣ್ಣಿನ ತಾಯಿ, ಮಗಳು ಮರೆತ ಫೋನ್ ಚಾರ್ಜರಿಗೆಂದು ಒಳಗೆ ಬಂದವರು ಗುಡ್ಡೆ ನೋಡಿ ನಿಂತುಬಿಟ್ಟರು.

"ನನ್ ಮಗ್ಳು ಇನ್ನೂ ಗೇಟಲ್ಲೇ ಅವ್ಳೆ. ಅವಳೇನ್ ಸತ್ತೋದ್ಲಾ?"

ಅಕ್ಕ ನನ್ನ ಕೈಯಿಂದ ಮೆಲ್ಲಗೆ ಪೊರಕೆ ಇಸಿದುಕೊಂಡಳು.

"ಗುಡ್ಸಿದ್ದು ನಾನೇ ಕಣವ್ವ. ಮೊರ ತತ್ತೀನಿ, ಇಡ್ಕಳಿ ಅಂತ ಅಣ್ಣನ ಕೈಗ್ ಕೊಟ್ಟಿದ್ದೆ."

"ನಿನ್ ಒಟ್ಟೇಲಿ ಎಣ್ಣು ಉಟ್ಟಿಲ್ವೇನೇ?"

ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದವಳು ಅಕ್ಕ. ಗುಡ್ಡೆಯನ್ನು ಬೊಗಸೆಯಲ್ಲಿ ಎತ್ತಿ, ಬಾಗಿಲಿನಿಂದ ಹಸೆಮಣೆಯವರೆಗೂ ಮತ್ತೆ ಚೆಲ್ಲಿದಳು. "ನೋಡವ್ವ, ಒಂದ್ ಕಾಳೂ ಆಚೆಗೋಗಿಲ್ಲ. ನಗ್‌ನಗ್ತಾ ಕಳಿಸ್ಬುಟ್ಟು ಬಾ, ಓಗು."

ಕಾರು ಹೊರಟ ಮೇಲೆ ಆ ತಾಯಿ ಬಂದು ಕುರ್ಚಿಯಲ್ಲಿ ಕೂತರು. ಸೇತುವೆ ದಾಟಿದೆವೆಂದು ಮಗಳ ಫೋನು ಬಂದ ಮೇಲೇ ಅವರ ಮುಖ ಸಡಿಲಾದದ್ದು. ಹೋಗುವಾಗ ತಾಂಬೂಲದ ಚೀಲವೊಂದನ್ನು ತಂದು ನನ್ನ ಕೈಗಿಟ್ಟರು.

"ತಿಳ್ದೋನಂಗೆ ಕಾಣ್ತೀಯ. ನೀನಾದ್ರೂ ಅವಳ್ಗೆ ಏಳ್ಬೇಡ್ವೇನಣ್ಣ?"

'ಗುಡ್ಸಿದ್ದು ನಾನು ಕಣವ್ವ' ಎನ್ನಬೇಕಿತ್ತು. ಅನ್ನುವುದು ಬಿಟ್ಟು ಚೀಲವನ್ನು ಕಣ್ಣಿಗೊತ್ತಿಕೊಂಡೆ. ಅಕ್ಕನ ಕಡೆ ಅವರು ತಿರುಗಿಯೂ ನೋಡದೆ ಹೋದರು.

"ತಗೋ ಅಕ್ಕ, ಇದು ನಿಂದು," ಎಂದು ಚೀಲ ಚಾಚಿದೆ.

"ಕೊಟ್ಟಿದ್ದು ನಿಮ್ಗೆ ಕಣಣ್ಣ. ಕಾಲೆತ್ತಿ, ಅಕ್ಷತೆ ತುಳೀತಾ ಇದ್ದೀರಿ," ಎಂದವಳು ಬಗ್ಗಿ ಗುಡಿಸತೊಡಗಿದಳು.