ಮಾಂಸ ಬೇಕು, ಕೊಬ್ಬು ಬೇಡ

ದೊಡ್ಡಕ್ಕನ ಕೈ ಎಂಥದು ಅಂತ ಬೀದಿಗೆಲ್ಲ ಗೊತ್ತಿತ್ತು. ಮಾಂಸದಂಗಡಿಯ ಕೊರಡಿನ ಮುಂದೆ ನಿಂತು ಮಚ್ಚು ಎತ್ತಿದಳೆಂದರೆ ತೊಡೆಮೂಳೆ ಒಂದೇ ಏಟಿಗೆ ಎರಡು ತುಂಡು. ಅದೇ ಕೈ ಆಗಾಗ ತಮ್ಮನ ಕೆನ್ನೆಗೂ ಬೀಳುತ್ತಿತ್ತು. ಬೀಳಲೇಬೇಕಿತ್ತು ಬಿಡಿ, ಆ ಹಾಳಾದವನು ಕಟ್ಟಿಕೊಂಡವಳಿಗೆ ಹೊಡೆಯುತ್ತಿದ್ದ. ಅನ್ನ ಆರಿದೆ ಅಂತ ಹೊಡೆಯುತ್ತಿದ್ದ, ಬಿಸಿ ಜಾಸ್ತಿಯಾಯಿತು ಅಂತಲೂ ಹೊಡೆಯುತ್ತಿದ್ದ. ಅಂಗಡಿಯ ಹಿಂದೆಯೇ ಮನೆ. ಅಕ್ಕ ನುಗ್ಗಿ, ಅವನ ಕತ್ತಿನ ಪಟ್ಟಿ ಹಿಡಿದು ಎರಡು ಬಾರಿಸಿದರೆ ಒಂದು ವಾರ ಬಾಲ ಮುದುರಿಕೊಂಡಿರುತ್ತಿದ್ದ.

ಆಮೇಲೆ ಅವಳಿಗೆ ಕ್ಷಯ ಬಂತು. ತಿಂಗಳುಗಟ್ಟಲೆ ಆಸ್ಪತ್ರೆ. ಹೋಗುವಾಗ ಬಾಗಿಲ ತುಂಬ ಇದ್ದ ಹೆಂಗಸು ಬರುವಾಗ ಬರೀ ಮೂಳೆ ಚಕ್ಕಳ. ಅಂಗಡಿಯ ತೂಕದ ಯಂತ್ರದ ಮೇಲೆ ನಿಂತರೆ ಮೂವತ್ತೆಂಟು ಕಿಲೋ. "ಅಯ್ಯೋ, ಇದಕ್ಕಿಂತ ದೊಡ್ಡ ಕುರಿ ಕಡಿದಿದೀನಲ್ಲೇ!" ಅಂತ ನಕ್ಕಳು. ತಮ್ಮನ ಹೆಂಡತಿ ನಗಲಿಲ್ಲ. ಆ ಹುಡುಗಿಯ ಮುಂದಿನ ಹಲ್ಲೊಂದು ಹೋಗಿತ್ತು. ಎಡಗಿವಿ ಕೇಳಿಸುತ್ತಿರಲಿಲ್ಲ. ಅಕ್ಕ ಇಲ್ಲದಾಗ ಮನೆಯಲ್ಲಿ ಏನು ನಡೆದಿತ್ತು ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ನನ್ನ ಕೈಗೆ ಬೇಗ ಶಕ್ತಿ ಬರದಿದ್ದರೆ ಇವನು ಇವಳನ್ನು ಕೊಂದೇ ಹಾಕುತ್ತಾನೆ ಅಂತ ಅವತ್ತೇ ಅಕ್ಕನಿಗೆ ಅನ್ನಿಸಿತು.

ಸರಿ, ತಿನ್ನತೊಡಗಿದಳು. ಬೆಣ್ಣೆ, ಸಿಹಿ ಬನ್ನು, ಸಕ್ಕರೆ ಸುರಿದ ಹಾಲು, ಎಣ್ಣೆಯಲ್ಲಿ ಕರಿದದ್ದು. ತಿಂದು ಮಲಗುವುದು, ಎದ್ದು ತಿನ್ನುವುದು. ಯಂತ್ರದ ಮುಳ್ಳು ಏರುತ್ತಾ ಹೋಯಿತು. ಕೆನ್ನೆ ತುಂಬಿತು, ಹೊಟ್ಟೆ ಬಂತು. ಅವಳಿಗೋ ಖುಷಿಯೋ ಖುಷಿ. ಹೀಗಿರುವಾಗ ಒಂದು ಸಂಜೆ ಒಳಗೆ ಪಾತ್ರೆ ಬಿದ್ದ ಸದ್ದು, ಹಿಂದೆಯೇ ಕಿರುಚಾಟ. ಅಕ್ಕ ಹಳೇ ಜೋರಿನಲ್ಲೇ ಹೋಗಿ ತಮ್ಮನ ಕತ್ತಿನ ಪಟ್ಟಿಗೆ ಕೈ ಹಾಕಿದಳು. ಒಂದು ಗಳಿಗೆ ಅವನು ಹೆದರಿದ್ದೂ ನಿಜ. ಆಮೇಲೆ ಅವಳ ಮಣಿಕಟ್ಟು ಹಿಡಿದು ಹಿಸುಕಿ ನೋಡಿದ. ನಕ್ಕ. ಎತ್ತಿ ಗೋಡೆಗೆ ಅಪ್ಪಳಿಸಿದ. ಪಕ್ಕೆಲುಬು ಲಟಕ್ಕೆಂದಿತು.

"ಕೊಬ್ಬು ನೋಡು ಇವಳಿಗೆ!" ಅಂದ. ಅಂದು, ಅವಳು ನೋಡುತ್ತಿದ್ದ ಹಾಗೆಯೇ ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಮತ್ತೆ ಮತ್ತೆ ಚಚ್ಚಿದ. ಹೊಸ್ತಿಲೆಲ್ಲ ರಕ್ತ. ಪೊಲೀಸರೂ ಬಂದರು, ಗಂಡ ಹೆಂಡಿರ ಜಗಳ ತಾನೇ ಅಂತ ಅಂದುಕೊಂಡು ಹೋದರು. ಕಾಲು ಜಾರಿ ಬಿದ್ದೆ ಅಂತ ಆ ಹುಡುಗಿಯೇ ಹೇಳಿದ್ದಳು. ಇನ್ನೇನು ಹೇಳಿಯಾಳು, ಪಾಪ, ಗಂಡ ಪಕ್ಕದಲ್ಲೇ ನಿಂತಿದ್ದ.

ಪಕ್ಕೆ ತೋರಿಸಲು ಹೋದಾಗ ಆಸ್ಪತ್ರೆಯ ವ್ಯಾಯಾಮದ ಡಾಕ್ಟರಮ್ಮ ಅಕ್ಕನ ತೋಳು ಒತ್ತಿ ನೋಡಿದರು. "ತೂಕ ಬಂದಿದೆ, ಶಕ್ತಿ ಬಂದಿಲ್ಲ. ದುಡಿಸದೆ ತಿಂದ್ರೆ ಎಲ್ಲಾ ಹೊಟ್ಟೆಗೇ ಹೋಗುತ್ತೆ."

"ಅಂದ್ರೆ, ಮಾಂಸ ಬೇಕು, ಕೊಬ್ಬು ಬೇಡ?"

"ಅಷ್ಟೇ."

"ಥತ್! ದಿನಾ ಬೆಳಗಾದ್ರೆ ಕೊಬ್ಬು ಕೆತ್ತಿ ಮಾಂಸ ತೂಗಿ ಕೊಡೋಳು ನಾನು. ನನ್ನ ಮೈ ನನಗೇ ತಿಳೀಲಿಲ್ವಲ್ಲಮ್ಮ!"

ಪಕ್ಕೆ ಕೂಡಿಕೊಂಡ ಮೇಲೆ ಶುರುವಾಯಿತು. ಮೊದಮೊದಲು ಕುರ್ಚಿಯಿಂದ ಏಳುವುದು, ಕೂರುವುದು, ಅಷ್ಟೇ. ಅಷ್ಟಕ್ಕೇ ಕಣ್ಣು ಕತ್ತಲೆ ಬರುತ್ತಿತ್ತು. ಆಮೇಲೆ ಮೆಟ್ಟಿಲು, ನೀರು ತುಂಬಿದ ಬಕೆಟ್ಟು, ಕುರಿಯ ತೊಡೆ ಹೆಗಲಿಗೇರಿಸಿ ಹಿತ್ತಿಲು ಸುತ್ತುವುದು. ಬನ್ನು ಬೆಣ್ಣೆ ಬಂದ್. ಹೊತ್ತು ಹೊತ್ತಿಗೆ ಮೊಟ್ಟೆ, ಬೇಳೆ, ಕೊಬ್ಬು ತೆಗೆದ ಮಾಂಸ. ಆ ಜಗಳದ ಮೇಲೆ ಅಂಗಡಿ, ಅಡುಗೆಮನೆ ಎಲ್ಲಾ ತಮ್ಮನ ಹಿಡಿತಕ್ಕೆ ಹೋಗಿತ್ತು, ತಿನ್ನುವುದನ್ನು ಅವನ ಹೆಂಡತಿ ಕದ್ದು ತರುತ್ತಿದ್ದಳು. "ಇನ್ನೊಂದು ತಿನ್ನಿ ಅಕ್ಕಾ, ಬೇಗ ತಿನ್ನಿ." ಮೊಟ್ಟೆ ಕಮ್ಮಿಯಾಗಿದ್ದು ಗೊತ್ತಾದ ದಿನ ಅವಳ ಬೆನ್ನಿಗೆ ಬೆಲ್ಟಿನಲ್ಲಿ ಬಿತ್ತು. ಮಾರನೆಯ ದಿನವೂ ತಂದಳು. ಅಕ್ಕ ಅಳುತ್ತಾ ತಿಂದಳು. ತನ್ನ ತೋಳಿಗೆ ಮಾಂಸ ಏರುತ್ತಿರುವುದು ಈ ಹುಡುಗಿಯ ಬೆನ್ನಿನ ಚರ್ಮ ಸುಲಿದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಂದವಳೇ ಹಿತ್ತಿಲಿಗೆ ಹೋಗಿ ಮಚ್ಚು ಹಿಡಿದು, ಯಾರೂ ಕೇಳದ ಮೂಳೆಗಳನ್ನೆಲ್ಲ ಪುಡಿ ಪುಡಿ ಮಾಡುತ್ತಿದ್ದಳು. ಒಂದೊಂದು ಏಟೂ ತಮ್ಮನ ಹೆಸರಿನಲ್ಲೇ.

ಯಂತ್ರದ ಮುಳ್ಳು ಮತ್ತೆ ಐವತ್ತು ಕಿಲೋ ದಾಟಿತು. ಈ ಸಲ ಹೊಟ್ಟೆ ಬರಲಿಲ್ಲ, ತೋಳು ಬಂತು.

ಒಂದು ಮಧ್ಯಾಹ್ನ ಅವಳು ಅಡುಗೆಮನೆಗೆ ಕಾಲಿಟ್ಟಾಗ ತಮ್ಮನು ಹೆಂಡತಿಯ ಅಂಗೈಯನ್ನು ಒಲೆಯ ಉರಿಗೆ ಹಿಡಿದಿದ್ದ. ಅಕ್ಕ ನುಗ್ಗಿದಳು. ಅವನ ತೋಳು ಹಿಡಿದು ಹಿಂದಕ್ಕೆ ತಿರುಚಿದಳು, ಭುಜದ ಕೀಲು ಕಳಚುವವರೆಗೂ ಬಿಡಲಿಲ್ಲ. ಮೂಗಿಗೆ ಮೊಣಕಾಲಿನಿಂದ ಗುದ್ದಿದಳು. ಬಿದ್ದವನ ಎದೆಯ ಮೇಲೆ ಕೂತು ಮುಷ್ಟಿಯಲ್ಲಿ ಜಡಿದಳು. "ಅಕ್ಕಾ, ತಪ್ಪಾಯ್ತು, ಬಿಟ್ಬಿಡೇ" ಅಂದ. ಬಿಡಲಿಲ್ಲ. ಅವನ ಹಲ್ಲು ಬೆರಳಿಗೆ ಚುಚ್ಚಿತು. ಖುಷಿಯಾಯಿತು ಅವಳಿಗೆ, ಸುಳ್ಳು ಯಾಕೆ ಹೇಳಬೇಕು? ಇಷ್ಟು ದಿನ ಜೀವ ಹಿಡಿದುಕೊಂಡಿದ್ದೇ ಇದಕ್ಕೆ ಅನ್ನುವಷ್ಟು ಖುಷಿ. ಅವನ ಸದ್ದು ನಿಂತರೂ ಅವಳ ಕೈ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ತೋಳು ಹಿಡಿದು ಜಗ್ಗಿದರು. ತಿರುಗಿಯೂ ನೋಡದೆ ಮೊಣಕೈ ಬೀಸಿದಳು.

ಹುಡುಗಿ ಮೂಲೆಗೆ ಹೋಗಿ ಬಿದ್ದಳು. ತುಟಿ ಸೀಳಿತ್ತು.

"ಅಯ್ಯಯ್ಯೋ, ನನ್ನವ್ವ, ನೀನಾ!" ಅಂತ ಅಕ್ಕ ಎದ್ದು ಕೈ ಚಾಚಿದಳು. ಕೈ ಹತ್ತಿರ ಬರುತ್ತಿದ್ದ ಹಾಗೆ ಹುಡುಗಿ ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡು ಮುದುಡಿ ಕೂತಳು.

ಚಾಚಿದ ಕೈ ಹಾಗೇ ನಿಂತಿತು. ನೆಲದ ಮೇಲೆ ತಮ್ಮ ನರಳಿದ. ಬದುಕಿದ್ದ.

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಗೋಡೆ ಹಿಡಿದು ಎದ್ದಳು. ಸುಟ್ಟ ಅಂಗೈಯನ್ನು ಎದೆಗೊತ್ತಿಕೊಂಡು ಬಾಗಿಲು ತೋರಿಸಿದಳು.

"ಇಬ್ಬರೂ ಹೊರಗೆ ಹೋಗಿ."

ಅಕ್ಕ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ತಮ್ಮನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ, ತಾನೂ ಅವನ ಪಕ್ಕದಲ್ಲೇ ಕೂತಳು. ಒಳಗಿನಿಂದ ಚಿಲಕ ಬಿತ್ತು.