ಹಳೆಯ ಬೆಲ್ಟಿನ ದಿಗ್ವಿಜಯ

ಸಲೂನ್ ಯಜಮಾನರಿಗೆ ಊರಿನ ತಲೆಗಳ ಮೇಲಿದ್ದ ಕಾಳಜಿ ಸ್ವಂತ ಗಾಡಿಯ ಮೇಲೆ ಇರಲಿಲ್ಲ. ಗಡ್ಡಕ್ಕೊಂದು ಬ್ಲೇಡು, ಮೊಂಡಾಗಲಿ ನೋಡೋಣ ಎಂದು ಕಾಯುವ ಮಾತೇ ಇಲ್ಲ. ಆದರೆ ಎದ್ದು ಬರಲಾರದ ಗಿರಾಕಿಗಳ ಮನೆಗೆ ಯಜಮಾನರನ್ನೂ ಅವರ ಮಡಚುವ ಕುರ್ಚಿಯನ್ನೂ ಹೊತ್ತೊಯ್ಯುತ್ತಿದ್ದ ಆ ಮೂರು ಚಕ್ರದ ಮೋಟಾರ್ ಸೈಕಲ್ಲಿನ ಬೆಲ್ಟು ಮಾತ್ರ ಚಿರಂಜೀವಿ ಎಂದು ಅವರ ನಂಬಿಕೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವುದೇ ಆ ಹಲ್ಲಿನ ಬೆಲ್ಟು. ಏರು ಬಂದಾಗಲೆಲ್ಲ ಅದು ‘ಕೀಚ್’ ಎನ್ನುತ್ತಿತ್ತು. ಹಾಡುತ್ತಿದೆ ಎನ್ನುತ್ತಿದ್ದರು ಯಜಮಾನರು.

ಹೊಸದೊಂದನ್ನು ತಂದಿದ್ದರು, ಸುಳ್ಳೇಕೆ ಹೇಳಬೇಕು. ಅದು ಸೀಟಿನ ಕೆಳಗೆ ಡಬ್ಬದೊಳಗೆ, ಪಟ್ಟಕ್ಕೆ ಕಾದ ಯುವರಾಜನಂತೆ ವರ್ಷಗಟ್ಟಲೆ ಮಲಗಿತ್ತು. ಹಳೆಯ ರಾಜ ಸಾಯಬೇಕಲ್ಲ!

ಈ ನಡುವೆ ಅವರ ಹೆಂಡತಿ, ಐವತ್ತರ ಹೊಸ್ತಿಲಲ್ಲಿ, ಅದೇ ಗಾಡಿಯಲ್ಲಿ ಲೈಸೆನ್ಸ್ ಪರೀಕ್ಷೆಗೆ ಹೋಗಿ ಫೇಲಾಗಿದ್ದಳು. ದಿಬ್ಬದಲ್ಲಿ ಗಾಡಿ ಕೀಚ್ ಎಂದು ಹಿಂದಕ್ಕೆ ಜಾರಿತ್ತು. ‘ಕ್ಲಚ್ಚು ಬಿಡೋಕೆ ಬರಲ್ಲ ನಿನಗೆ’ ಎಂದು ಗಂಡ ತೀರ್ಪು ಕೊಟ್ಟಿದ್ದರು.

“ರೀ, ನಾಳಿದ್ದು ಮತ್ತೆ ಪರೀಕ್ಷೆ. ಈ ಸಲಾನೂ ಫೇಲಾದ್ರೆ ಕಲಿಕಾ ಲೈಸೆನ್ಸ್ ಅವಧಿ ಮುಗಿದು ಮತ್ತೆ ಮೊದಲಿಂದಾನೇ. ಹೊಸ ಬೆಲ್ಟ್ ಹಾಕಿಸಿ.”

“ಇದಕ್ಕೇನು ಧಾಡಿ? ಗುಂಡುಕಲ್ಲಿನ ಹಾಗಿದೆ.”

“ಹಲ್ಲಿನ ಬುಡದಲ್ಲೆಲ್ಲ ಬಿರುಕು. ಅಂಚಲ್ಲಿ ನಾರು ಎದ್ದಿದೆ. ಒಂದು ಹಲ್ಲಂತೂ ಉದುರೇ ಹೋಗಿದೆ.”

“ನನಗೂ ಎರಡು ಹಲ್ಲಿಲ್ಲ. ನನ್ನನ್ನೂ ಬದಲಾಯಿಸ್ತೀಯೇನೇ?”

“ಹೊಸ ಗಂಡ ಅಂಗಡೀಲಿ ಸಿಗಲ್ಲ, ಅದಕ್ಕೆ ಸುಮ್ಮನಿದೀನಿ. ಬ್ಲೇಡ್ ಮೊಂಡಾಗೋ ತನಕ ಕಾಯ್ತೀರಾ ನೀವು?”

“ಕಾದ್ರೆ ಗಿರಾಕಿ ಕೆನ್ನೆ ಗತಿ?”

“ನನ್ನ ಪರೀಕ್ಷೆ ಗತಿ?”

“ಅದು ಬೇರೆ, ಇದು ಬೇರೆ” ಎಂದು ಯಜಮಾನರು ಟವೆಲ್ ಕೊಡವಿದರು. ಮಾತು ಸೋತಾಗ ಅವರು ಟವೆಲ್ ಕೊಡವುವುದು ಊರಿಗೇ ಗೊತ್ತು.

ಮರುದಿನ ಆಕೆ, ಗ್ಯಾರೇಜಿಟ್ಟಿದ್ದ ತಮ್ಮನನ್ನು ಹಿಂದೆ ಕೂರಿಸಿಕೊಂಡು, ಅಭ್ಯಾಸಕ್ಕೆಂದು ಗಾಡಿ ಒಯ್ದಳು. ಅಭ್ಯಾಸ ಸಂಜೆಯವರೆಗೂ ನಡೆಯಿತು.

ಪರೀಕ್ಷೆಯ ದಿನ ಮೈದಾನದಲ್ಲಿ ಹೆಂಡತಿಗಿಂತ ಗಂಡನಿಗೇ ಕಾತರ ಹೆಚ್ಚಿತ್ತು. ಆಕೆ ದಿಬ್ಬದ ನಡುವೆ ಗಾಡಿ ನಿಲ್ಲಿಸಿ, ಮತ್ತೆ ಹೊರಟಳು. ಜಾರಲಿಲ್ಲ. ಕೀಚ್ ಎನ್ನಲೂ ಇಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಏರಿಳಿದು ಬಂದು ನಿಂತಳು. ಪಾಸು!

ಯಜಮಾನರ ಎದೆ ಗಜಗಾತ್ರ ಉಬ್ಬಿತು. ಸುತ್ತ ನಿಂತವರನ್ನು ಕರೆದರು: “ನೋಡಿದ್ರಾ? ಹಳೇ ಬೆಲ್ಟ್! ಇದನ್ನ ಎಸೀಬೇಕಂತೆ! ಹೊಸದು ಇನ್ನೂ ಡಬ್ಬದಲ್ಲೇ ಇದೆ. ಬೇಕಾದ್ರೆ ಕಣ್ಣಾರೆ ನೋಡಿ!”

“ಬೇಡ ರೀ” ಎಂದಳು ಹೆಂಡತಿ. ಅಷ್ಟರಲ್ಲಿ ಡಬ್ಬದ ಮುಚ್ಚಳ ತೆರೆದಾಗಿತ್ತು.

ಒಳಗೆ ಹಳೆಯ ರಾಜ ಸುರುಳಿ ಸುತ್ತಿ ಮಲಗಿದ್ದ. ಬಿರುಕು, ನಾರು, ಬೊಚ್ಚು ಬಾಯಿ, ಎಲ್ಲ ಸಮೇತ. ಜನ ಹೋ ಎಂದು ನಕ್ಕರು. ಯಜಮಾನರು ಕೊಡವಲು ಟವೆಲ್ಲಿಗಾಗಿ ಹೆಗಲು ತಡಕಿದರು; ಟವೆಲ್ ಅಂಗಡಿಯಲ್ಲಿತ್ತು.

ಜನ ಚದುರಿದ ಮೇಲೆ ಮೆಲ್ಲಗೆ ಕೇಳಿದರು: “ಹಾಗಾದ್ರೆ ಹೋದ ಸಲ... ಕ್ಲಚ್ಚಿಂದಲ್ಲ, ಅಲ್ವೇನೇ?”

“ಅಲ್ಲ.”

“ನನ್ನದೇ ತಪ್ಪು ಕಣೇ.”

“ಗೊತ್ತು. ಹತ್ತಿ ಹಿಂದೆ.”

ಅವರು ಹಳೆಯ ಬೆಲ್ಟನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಹಿಂದಿನ ಸೀಟು ಏರಿದರು. ಮನೆ ದಾರಿಯ ಏರು ಬಂತು. ಅಭ್ಯಾಸಬಲದಿಂದ ಕಿವಿ ನಿಮಿರಿತು. ಸದ್ದಿಲ್ಲ. ಕೊನೆಗೆ ತಡೆಯಲಾರದೆ ತಾವೇ “ಕೀಚ್” ಎಂದರು.

ಮುಂದೆ ಕೂತವಳ ಬೆನ್ನು ನಗುವಿಗೆ ಕುಲುಕಿತು. ಗಾಡಿ ಮಾತ್ರ ಒಂದಿಷ್ಟೂ ಜಾರಲಿಲ್ಲ.